ಅತಿಥಿ ಸತ್ಕಾರಕ್ಕೂ ಅಂಕಪಟ್ಟಿಯೇ?

ಮೂವತ್ನಾಲ್ಕು ವರ್ಷಗಳ ಕಾಲ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳಿಗೆ ಅಂಕ ಹಾಕುತ್ತ ಬಂದವನು ನಾನು. ನಿವೃತ್ತನಾದ ಮೇಲೆ ಅಂಕಗಳ ಸಹವಾಸ ಮುಗಿಯಿತೆಂದು ತಿಳಿದಿದ್ದೆ. ಆದರೆ 2024ರ ನವೆಂಬರಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ತಂಗುವ ಯೋಗ ಒದಗಿದ್ದು ಅಂಕಗಳ ಬಲದಿಂದಲೇ. ಅವು ನಾನು ಗಳಿಸಿದ ಅಂಕಗಳಲ್ಲ, ಮಗಳು ಗಳಿಸಿದವು. ಆ ಎರಡು ದಿನಗಳ ಅನುಭವ, ಅದರಲ್ಲೂ ಎರಡನೆಯ ದಿನದ ಸಂಜೆ ನಾನು ಮಾಡಿದ ಒಂದು ತಪ್ಪು, ಅತಿಥಿ ಸತ್ಕಾರವೆಂದರೆ ಏನು ಎಂಬ ಯೋಚನೆಗೆ ನನ್ನನ್ನು ಹಚ್ಚಿತು. ಆ ಯೋಚನೆಯನ್ನು ಓದುಗ ಮಿತ್ರರ ಮುಂದಿಡಬೇಕೆನಿಸಿ ಈ ಬರಹ.

ಮಗಳು ಕಂಪನಿಯ ಕೆಲಸದ ಮೇಲೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಊರೂರು ಸುತ್ತುವವಳು. ಒಂದೇ ಬಳಗದ ಹೋಟೆಲುಗಳಲ್ಲಿ ತಂಗುತ್ತ ಬಂದರೆ ಪ್ರತಿ ರಾತ್ರಿಗೂ ಇಷ್ಟೆಂದು ಪಾಯಿಂಟುಗಳು ಜಮೆಯಾಗುತ್ತವೆಯಂತೆ. ಅವು ಬೆಳೆದಂತೆ ಸದಸ್ಯರ ಅಂತಸ್ತೂ ಬೆಳೆಯುತ್ತದೆಯಂತೆ. "ಅಪ್ಪಾ, ಒಂದಷ್ಟು ಪಾಯಿಂಟು ಸುಮ್ಮನೆ ಹಾಳಾಗಿ ಹೋಗ್ತವೆ. ನೀನೂ ಅಮ್ಮನೂ ಬಂದು ಎರಡು ದಿನ ಆರಾಮಾಗಿ ಇದ್ದು ಹೋಗಿ" ಎಂದಳು. ತನ್ನ ಸದಸ್ಯತ್ವದ ಸೌಲಭ್ಯಗಳು ನಮಗೂ ದೊರೆಯುವಂತೆ ಹೋಟೆಲಿನವರೊಡನೆ ಮೊದಲೇ ಮಾತನಾಡಿದ್ದಳು. ನಾವು ಶಿಕಾರಿಪುರದಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಹೊರಟೆವು.

ಆ ಹೋಟೆಲಿನ ಉಪಚಾರವನ್ನು ನಾನು ಹಗುರವಾಗಿ ಕಾಣಲಾರೆ. ಬಾಗಿಲಲ್ಲೇ ಹೆಸರು ಹಿಡಿದು ಸ್ವಾಗತಿಸಿದರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಕರವಸ್ತ್ರ ಕೊಟ್ಟರು, ತಣ್ಣನೆಯ ಪಾನೀಯ ಕೊಟ್ಟರು. ಕಾದಿರಿಸಿದ್ದು ಸಾಧಾರಣ ಕೋಣೆ. ಸದಸ್ಯತ್ವದ ಗೌರವಾರ್ಥ ಎಂದು ಹೇಳಿ ಮೇಲಂತಸ್ತಿನ ದೊಡ್ಡ ಕೋಣೆಯನ್ನು ಕೊಟ್ಟರು. ನನ್ನ ಹೆಂಡತಿಗೆ ಮಂಡಿನೋವು. ಅವಳು ಸ್ನಾನದ ಮನೆಯ ನೆಲ ಜಾರೀತೆಂದು ಅಳುಕಿದ್ದನ್ನು ಗಮನಿಸಿದ ಹುಡುಗಿಯೊಬ್ಬಳು, ನಾವು ಕೇಳುವ ಮೊದಲೇ ರಬ್ಬರಿನ ಹಾಸನ್ನೂ ಒಂದು ಪುಟ್ಟ ಸ್ಟೂಲನ್ನೂ ತಂದಿಟ್ಟಳು. ಬೆಳಗಿನ ಉಪಾಹಾರಕ್ಕೆ ಹಣವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಬಿಡಬೇಕಾದವರು ನಾಲ್ಕರವರೆಗೂ ಇರಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ, ಮೇಲಿನ ಮಹಡಿಯಲ್ಲಿ ಸದಸ್ಯರಿಗೆಂದೇ ಒಂದು ವಿಶ್ರಾಂತಿ ಕೊಠಡಿ. ಲೌಂಜ್ ಎಂದು ಅದಕ್ಕೆ ಹೆಸರು. ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಅಲ್ಲಿ ಕಾಫಿ, ತಿಂಡಿ, ಹಣ್ಣು, ಏನನ್ನು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಜೀವನದಲ್ಲಿ ಮೊದಲ ಬಾರಿಗೆ ಅಂಥ ಜಾಗದಲ್ಲಿ ಕುಳಿತ ನನಗೆ ಒಳಗೊಳಗೇ ಹೆಮ್ಮೆಯಾದದ್ದು ಸುಳ್ಳಲ್ಲ.

ಎರಡನೆಯ ದಿನ ಸಂಜೆ ನಮ್ಮ ಭಾವ, ಎಂದರೆ ನನ್ನ ಹೆಂಡತಿಯ ಅಣ್ಣ, ನಮ್ಮನ್ನು ನೋಡಲು ಬಂದರು. ಸೊರಬದ ಬಳಿಯ ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದವರು, ಈಗ ಮಗನೊಡನೆ ಬೆಂಗಳೂರಿನಲ್ಲಿದ್ದಾರೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಎರಡು ಬಸ್ಸು ಬದಲಾಯಿಸಿ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದಿದ್ದರು. ಚೀಲದಲ್ಲಿ ತಂಗಿಗೆಂದು ಅಪ್ಪೆಮಿಡಿಯ ಉಪ್ಪಿನಕಾಯಿ. ಬನ್ನಿ ಭಾವ, ಮೇಲೆ ಹೋಗಿ ಕಾಫಿ ಕುಡಿಯೋಣ ಎಂದು ನಾನು ಉತ್ಸಾಹದಿಂದ ಕರೆದುಕೊಂಡು ಹೋದೆ. ಲೌಂಜಿನ ಬಾಗಿಲಲ್ಲಿದ್ದ ಹುಡುಗಿ ಬಹಳ ವಿನಯದಿಂದ, ನಿಮ್ಮ ಕೋಣೆಯ ಲೆಕ್ಕದಲ್ಲಿ ಇಬ್ಬರಿಗೆ ಮಾತ್ರ ಪ್ರವೇಶವಿದೆ ಸರ್ ಎಂದಳು. ಮೂರನೆಯವರಿಗೆ ಹಣ ಕೊಟ್ಟು ಹೋಗಬಹುದೇ ಎಂದು ಕೇಳಿದೆ. ಅವಳು ಹೇಳಿದ ಮೊತ್ತ ಕೇಳಿ ಸುಮ್ಮನಾದೆ. ನಮ್ಮ ಮುಜುಗರವನ್ನು ಕಂಡ ಭಾವ, "ನೀವು ಹೋಗಿ ಬನ್ನಿ ಮೇಷ್ಟ್ರೇ, ನಾನು ಕೆಳಗೇ ಕೂತಿರ್ತೀನಿ" ಎಂದರು.

ಆಗ ನಾನು ಮಾಡಬೇಕಾಗಿದ್ದ ಕೆಲಸ ಸರಳವಾಗಿತ್ತು. ಭಾವನೊಡನೆ ಕೆಳಗಿಳಿದು, ಬೀದಿಯ ಯಾವುದಾದರೂ ದರ್ಶಿನಿಯಲ್ಲಿ ಮೂವರೂ ನಿಂತು ಕಾಫಿ ಕುಡಿಯಬಹುದಾಗಿತ್ತು. ನಾನು ಹಾಗೆ ಮಾಡಲಿಲ್ಲ. ಗಡಿಯಾರ ನೋಡಿದೆ, ಏಳು ಗಂಟೆಯಾಗಿತ್ತು. ಇನ್ನು ಅರ್ಧ ಗಂಟೆಯಲ್ಲಿ ಮುಚ್ಚುತ್ತದೆ, ಹತ್ತೇ ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದು ಭಾವನನ್ನು ಲಿಫ್ಟಿನ ಬಳಿ ಬಿಟ್ಟು ಒಳಗೆ ಹೋದೆ. ಹೆಂಡತಿ ಒಂದು ಮಾತೂ ಆಡದೆ ತನ್ನ ಅಣ್ಣನ ಜೊತೆ ಇಳಿದು ಹೋದಳು. ಒಂದು ತಟ್ಟೆ ಬಿಟ್ಟಿ ತಿಂಡಿಗಾಗಿ ನಾನು ಒಬ್ಬನೇ ಕುಳಿತೆ. ಹತ್ತು ನಿಮಿಷ ಇಪ್ಪತ್ತೈದಾಯಿತು.

ಕೆಳಗೆ ಬಂದಾಗ ಹೆಂಡತಿ ಉಪ್ಪಿನಕಾಯಿಯನ್ನು ಕೋಣೆಯಲ್ಲಿಟ್ಟು ಬರಲು ಹೋಗಿದ್ದಳು. ಭಾವ ದೊಡ್ಡ ಸೋಫಾದ ಅಂಚಿನಲ್ಲಿ, ಯಾರಾದರೂ ಎಬ್ಬಿಸಿಯಾರು ಎಂಬಂತೆ ಕುಳಿತಿದ್ದರು. ಆದರೆ ಅವರ ಕೈಯಲ್ಲಿ ಒಂದು ಕಾಗದದ ಲೋಟ, ಅದರಲ್ಲಿ ಚಹಾ. ಯಾರು ಕೊಟ್ಟರೆಂದು ಕೇಳಿದೆ. ಸಾಮಾನು ಹೊರುವ ಹುಡುಗನೊಬ್ಬ ಭಾವನ ಮಾತಿನ ಧಾಟಿಯನ್ನು ಕೇಳಿ ಹತ್ತಿರ ಬಂದನಂತೆ. "ಅಜ್ಜಾರೇ, ಆಸರಿಗೆ ಏನಾದ್ರೂ ತರ್ಲಾ?" ಎಂದನಂತೆ. ಆನವಟ್ಟಿ ಕಡೆಯ ಹುಡುಗ. ನೌಕರರ ಕ್ಯಾಂಟೀನಿನಿಂದ ತನ್ನ ಪಾಲಿನ ಚಹಾವನ್ನು ತಂದುಕೊಟ್ಟು ಹೋಗಿದ್ದ. ಆಸರಿಗೆ ಎಂಬ ಮಾತು ಮಲೆನಾಡಿನವರಿಗೆ ಹೊಸದಲ್ಲ. ಮನೆಗೆ ಬಂದವರು ದಣಿದಿರುತ್ತಾರೆ, ಬಾಯಾರಿರುತ್ತಾರೆ. ಬಂದ ಕಾರಣವನ್ನು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಅದು. ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಪ್ರಶ್ನೆಯನ್ನು ಭಾವನಿಗೆ ಕೇಳಿದವನು ಅವನೊಬ್ಬನೇ. ಕೇಳಬೇಕಾಗಿದ್ದವನು ನಾನು.

ಇಲ್ಲಿ ಹೋಟೆಲಿನವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ನಿಯಮ ಹೇಳಿದರು, ವಿನಯದಿಂದಲೇ ಹೇಳಿದರು. ನನ್ನನ್ನು ಕಾಡುವುದು, ಆ ನಿಯಮ ಇಪ್ಪತ್ತೈದು ನಿಮಿಷಗಳ ಮಟ್ಟಿಗೆ ನನ್ನನ್ನು ಏನು ಮಾಡಿತು ಎಂಬುದು. ಆದ್ದರಿಂದ ಈ ಅಂಕಗಳ ವ್ಯವಸ್ಥೆ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ ಎಂಬುದನ್ನು ಊರಿಗೆ ಮರಳಿದ ಮೇಲೆ ಸ್ವಲ್ಪ ಓದಿ ತಿಳಿದುಕೊಂಡೆ.

ಇದರ ಮೂಲ ವಿಮಾನಯಾನದಲ್ಲಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು, ತನ್ನ ವಿಮಾನಗಳಲ್ಲಿ ಮತ್ತೆ ಮತ್ತೆ ಹಾರುವವರಿಗೆ ಅವರು ಕ್ರಮಿಸಿದ ಮೈಲಿಗಳ ಲೆಕ್ಕದಲ್ಲಿ ಉಡುಗೊರೆ ಕೊಡುವ ಯೋಜನೆಯನ್ನು ಆರಂಭಿಸಿತು. ಎರಡೇ ವರ್ಷಗಳಲ್ಲಿ, 1983ರಲ್ಲಿ, ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳು ಅದನ್ನು ಅನುಸರಿಸಿದವು. 1987ರಲ್ಲಿ ಹಿಲ್ಟನ್ ಕೂಡಿಕೊಂಡಿತು. 2016ರಲ್ಲಿ ಮ್ಯಾರಿಯಟ್ ಸಂಸ್ಥೆಯು ಸ್ಟಾರ್‌ವುಡ್ ಎಂಬ ಇನ್ನೊಂದು ದೊಡ್ಡ ಬಳಗವನ್ನು ಕೊಂಡಿತು. 2019ರಲ್ಲಿ ಎರಡೂ ಬಳಗಗಳ ಸದಸ್ಯರನ್ನು ಬಾನ್‌ವಾಯ್ ಎಂಬ ಒಂದೇ ಹೆಸರಿನ ಕೆಳಗೆ ತಂದಿತು. ನಮ್ಮ ದೇಶದಲ್ಲಿ ಟಾಟಾ ಸಮೂಹವು 2022ರಲ್ಲಿ ಟಾಟಾ ನ್ಯೂ ಎಂಬ ವ್ಯವಸ್ಥೆಯನ್ನು ತಂದು, ತಾಜ್ ಹೋಟೆಲಿನಲ್ಲಿ ತಂಗುವುದನ್ನೂ ಮನೆಗೆ ದಿನಸಿ ತರಿಸುವುದನ್ನೂ ಒಂದೇ ಲೆಕ್ಕಕ್ಕೆ ಸೇರಿಸಿತು.

ಈ ಯೋಜನೆಗಳಲ್ಲಿ ಮೆಟ್ಟಿಲುಗಳಿರುತ್ತವೆ. ನಾವು ತಂಗಿದ ಹೋಟೆಲಿನ ಮಾತು ಬಿಡಿ; ಉದಾಹರಣೆಗೆ ಬಾನ್‌ವಾಯ್ ಯೋಜನೆಯಲ್ಲಿ ವರ್ಷಕ್ಕೆ ಹತ್ತು ರಾತ್ರಿ ತಂಗಿದವರು ಬೆಳ್ಳಿಯ ಸದಸ್ಯರು. ಇಪ್ಪತ್ತೈದು ರಾತ್ರಿಗೆ ಚಿನ್ನ, ಐವತ್ತಕ್ಕೆ ಪ್ಲಾಟಿನಂ, ಎಪ್ಪತ್ತೈದಕ್ಕೆ ಟೈಟೇನಿಯಂ. ನೂರು ರಾತ್ರಿಯ ಜೊತೆಗೆ ಇಂತಿಷ್ಟು ಸಾವಿರ ಡಾಲರು ಖರ್ಚನ್ನೂ ಮಾಡಿದವರಿಗೆ ರಾಯಭಾರಿ ಪದವಿ. ನಮ್ಮ ಪರೀಕ್ಷಾ ಪದ್ಧತಿಯಲ್ಲಿ ಪಾಸು, ಎರಡನೆಯ ದರ್ಜೆ, ಮೊದಲ ದರ್ಜೆ, ಉನ್ನತ ಶ್ರೇಣಿ ಎಂದಿರುವಂತೆಯೇ ಇದೂ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ವರ್ಷವೂ ಪರೀಕ್ಷೆ ಬರೆಯಬೇಕು. ಈ ವರ್ಷ ರಾತ್ರಿಗಳು ಕಡಿಮೆಯಾದರೆ ಮುಂದೆ ಕೆಳಗಿನ ತರಗತಿ. ಎರಡು ವರ್ಷ ಸುಮ್ಮನಿದ್ದರೆ ಕೂಡಿಟ್ಟ ಪಾಯಿಂಟುಗಳೂ ಇಲ್ಲವಾಗುತ್ತವೆ.

ಹೋಟೆಲಿನವರಿಗೆ ಇದರಿಂದ ಲಾಭವೇನು? ಕೋಣೆಯೆಂಬುದು ಹಾಲಿನಂಥ ಸರಕು, ಮರುದಿನಕ್ಕೆ ಉಳಿಯುವುದಿಲ್ಲ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು. ಹೇಗೂ ಖಾಲಿ ಇರುವ ದೊಡ್ಡ ಕೋಣೆಯನ್ನು ಚಿಕ್ಕ ಕೋಣೆಯ ಅತಿಥಿಗೆ ಕೊಟ್ಟರೆ ಹೋಟೆಲಿಗೆ ತಗಲುವ ವೆಚ್ಚ ಅತ್ಯಲ್ಪ, ಆದರೆ ಪಡೆದವನ ಸಂತೋಷ ಅಪಾರ. ಆ ಸಂತೋಷದ ನೆನಪೇ ಅವನನ್ನು ಮತ್ತೆ ಅದೇ ಬಾಗಿಲಿಗೆ ಕರೆತರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕೆಲಸದ ಮೇಲೆ ಪ್ರಯಾಣ ಮಾಡುವವರ ಬಿಲ್ಲನ್ನು ಕಟ್ಟುವುದು ಕಂಪನಿ, ಪಾಯಿಂಟುಗಳನ್ನು ಪಡೆಯುವುದು ನೌಕರ. ತನ್ನ ಜೇಬಿನ ಹಣವಲ್ಲವಾದ್ದರಿಂದ, ನೂರಿನ್ನೂರು ರೂಪಾಯಿ ಹೆಚ್ಚಾದರೂ ತನ್ನ ಬಳಗದ ಹೋಟೆಲನ್ನೇ ಆತ ಆರಿಸಿಕೊಳ್ಳುತ್ತಾನೆ. ಪಾಯಿಂಟಿನ ಬೆಲೆಯನ್ನು ನಿರ್ಧರಿಸುವವರೂ ಹೋಟೆಲಿನವರೇ. ಯಾವ ಹೋಟೆಲಿಗೆ ಎಷ್ಟು ಪಾಯಿಂಟು ಎಂದು ಮೊದಲು ಪ್ರಕಟಿಸುತ್ತಿದ್ದ ಪಟ್ಟಿಯನ್ನು ಮ್ಯಾರಿಯಟ್ ಬಳಗ 2022ರಲ್ಲಿ ಕೈಬಿಟ್ಟಿತು. ಈಗ ಬೇಡಿಕೆ ಏರಿದಂತೆ ಕೋಣೆಗೆ ಬೇಕಾದ ಪಾಯಿಂಟುಗಳೂ ಏರುತ್ತವೆ. ಇದು ವ್ಯಾಪಾರ. ಪ್ರಾಮಾಣಿಕವಾಗಿ ನಡೆಸಿದ ವ್ಯಾಪಾರದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ನಾವು ಸತ್ಕಾರವೆಂದು ಭ್ರಮಿಸಬಾರದು. ನನಗಾದದ್ದು ಆ ಭ್ರಮೆಯೇ.

ಹಾಗಾದರೆ ಸತ್ಕಾರ ಯಾವುದು? ಉತ್ತರಕ್ಕಾಗಿ ನಾನು ದೂರ ಹೋಗಬೇಕಾಗಿಲ್ಲ. ಶಿಕಾರಿಪುರದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಬಳ್ಳಿಗಾವಿ ಇದೆ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಊರು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಕುರಿತ ಶಾಸನವೊಂದು 1162ರದು, ಕಳಚುರಿ ಬಿಜ್ಜಳನ ಕಾಲದ್ದು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು. ಶಾಲೆಯ ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ದಾಗಲೆಲ್ಲ ಆ ಶಾಸನದ ಸಾರವನ್ನು ಹೇಳುತ್ತಿದ್ದೆ. ಅದರ ನಿಜವಾದ ಅರ್ಥ ನನಗೆ ಹೊಳೆದದ್ದು ಮಾತ್ರ ಆ ಸಂಜೆಯ ನಂತರವೇ.

ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಶಾಸನ ದೀರ್ಘವಾಗಿ ವಿವರಿಸುತ್ತದೆ. ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗವಿತ್ತು. ಕಾಳಾಮುಖ ಶೈವರ ಮಠವಾದರೂ ಬೌದ್ಧ ದರ್ಶನವನ್ನು ಓದುವವರಿಗೂ ಅಲ್ಲಿ ಸ್ಥಳವಿತ್ತು. ಅದಾದ ಮೇಲೆ ಅನ್ನದಾನದ ಪಟ್ಟಿ ಬರುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು. ದಿಗಂಬರ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು. ನಾನಾ ದೇಶಗಳಿಂದ ಬಂದ ಭಿಕ್ಷುಕರು. ರೋಗಿಗಳಿಗೆ ಔಷಧೋಪಚಾರವೂ ಅಲ್ಲಿ ನಡೆಯುತ್ತಿತ್ತು. ಅದು ಸಕಲ ಜೀವಿಗಳಿಗೂ ಅಭಯವಿದ್ದ ಸ್ಥಾನವಾಗಿತ್ತು ಎಂದು ಶಾಸನ ಹೇಳುತ್ತದೆ.

ಗಮನಿಸಿ, ಇದೂ ಒಂದು ಪಟ್ಟಿಯೇ. ಹೋಟೆಲಿನ ಬೆಳ್ಳಿ, ಚಿನ್ನ, ಪ್ಲಾಟಿನಂ ಕೂಡ ಪಟ್ಟಿಯೇ. ಹೋಟೆಲಿನ ಪಟ್ಟಿ ಬಂದವನು ಎಷ್ಟು ಖರ್ಚು ಮಾಡಿದ್ದಾನೆ ಎಂದು ಕೇಳುತ್ತದೆ. ಮಠದ ಪಟ್ಟಿ ಬಂದವನಿಗೆ ಏನು ಇಲ್ಲ ಎಂದು ಕೇಳುತ್ತದೆ. ಮೊದಲನೆಯದರಲ್ಲಿ ಮತ್ತೆ ಮತ್ತೆ ಬರುವವನಿಗೆ ಮರ್ಯಾದೆ. ಎರಡನೆಯದರಲ್ಲಿ, ನಾನಾ ದೇಶಗಳಿಂದ ಬಂದು ಒಮ್ಮೆ ಉಂಡು ಹೋದವನು ಮತ್ತೆ ಬಳ್ಳಿಗಾವಿಯ ದಾರಿ ತುಳಿಯುತ್ತಾನೆಂಬ ನಂಬಿಕೆಯೇನೂ ಇರಲಿಲ್ಲ. ತಿಥಿಯಿಲ್ಲದೆ, ಎಂದರೆ ದಿನ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿಂದಿನವರು ಪದಕ್ಕೆ ಅರ್ಥ ಹೇಳುತ್ತಿದ್ದರು. ಆ ಅರ್ಥದಲ್ಲಿ ಮೊದಲೇ ಕೋಣೆ ಕಾದಿರಿಸಿದ್ದ ನಾನು ಅತಿಥಿಯೇ ಅಲ್ಲ, ಗಿರಾಕಿ. ಅಂದು ಆ ಹೋಟೆಲಿಗೆ ಬಂದಿದ್ದ ನಿಜವಾದ ಅತಿಥಿ ಬಟ್ಟೆಯ ಚೀಲದ ನಮ್ಮ ಭಾವ.

ಇಷ್ಟು ಬರೆದು ನಿಲ್ಲಿಸಿದ್ದರೆ, ಹಳೆಯದೆಲ್ಲ ಹೊನ್ನು, ಹೊಸತೆಲ್ಲ ಮಣ್ಣು ಎನ್ನುವ ಮುದುಕರ ಸಾಲಿಗೆ ನಾನೂ ಸೇರುತ್ತಿದ್ದೆ. ಆದರೆ ಎರಡು ಸತ್ಯಗಳನ್ನು ಮುಚ್ಚಿಡಲಾರೆ.

ಮೊದಲನೆಯದು, ಕೋಡಿಯ ಮಠದ ಅನ್ನವೂ ಆಕಾಶದಿಂದ ಬೀಳುತ್ತಿರಲಿಲ್ಲ. ಅರಸರು, ಅಧಿಕಾರಿಗಳು ದತ್ತಿ ಬಿಟ್ಟ ಭೂಮಿಯ ಆದಾಯದಿಂದ ಅದು ನಡೆಯುತ್ತಿತ್ತು. ಆ ಭೂಮಿಯಲ್ಲಿ ಬೆವರು ಸುರಿಸಿದವರು ರೈತರು. ಉಣ್ಣುವವನು ಹಣ ಕೊಡದಿದ್ದರೆ ಇನ್ನೊಬ್ಬರು ಕೊಟ್ಟೇ ಇರುತ್ತಾರೆ. ನಾನು ಚಿಕ್ಕ ವಯಸ್ಸಿನಲ್ಲಿ ಇಲಾಖೆಯ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಇಳಿದುಕೊಳ್ಳುತ್ತಿದ್ದುದು ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ. ವರ್ತಕರೊಬ್ಬರು ತಮ್ಮ ಗಳಿಕೆಯನ್ನು ಪ್ರಯಾಣಿಕರಿಗಾಗಿ ಮೀಸಲಿಟ್ಟದ್ದರಿಂದಲೇ ನನ್ನಂಥ ಕಡಿಮೆ ಸಂಬಳದ ಮೇಷ್ಟರಿಗೆ ರಾಜಧಾನಿಯಲ್ಲಿ ತಲೆಯ ಮೇಲೊಂದು ಸೂರು ಸಿಕ್ಕಿತು. ಎಲ್ಲ ಹೋಟೆಲುಗಳೂ ಛತ್ರಗಳಾಗಬೇಕೆಂದು ಹೇಳುವುದು ಅವಿವೇಕ. ನೂರಾರು ಜನರ ಸಂಬಳ, ವಿದ್ಯುತ್ತು, ಸಾಲದ ಬಡ್ಡಿ ಎಲ್ಲವೂ ಕೋಣೆಯ ಬಾಡಿಗೆಯಿಂದಲೇ ಹುಟ್ಟಬೇಕು.

ಎರಡನೆಯ ಸತ್ಯ ಹೆಚ್ಚು ಕಹಿಯಾದದ್ದು. ನಮ್ಮ ಮಲೆನಾಡಿನ ಮನೆಗಳ ಆತಿಥ್ಯವನ್ನು ನಾವು ಎಷ್ಟು ಹಾಡಿ ಹೊಗಳಿದರೂ, ಅಲ್ಲಿಯೂ ಮೆಟ್ಟಿಲುಗಳಿದ್ದವು. ಕೈಕಾಲು ತೊಳೆಯಲು ನೀರು, ಕುಡಿಯಲು ಬೆಲ್ಲ ನೀರು, ಊಟ, ಮೇಲೆ ಎಲೆ ಅಡಿಕೆ, ಇವೆಲ್ಲ ಇದ್ದದ್ದು ನಿಜ. ಆದರೆ ಯಾರಿಗೆ ನಡುಮನೆ, ಯಾರಿಗೆ ಜಗಲಿ, ಯಾರಿಗೆ ಅಂಗಳ ಎಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು. ನಾನು ಬಾಲಕನಾಗಿದ್ದಾಗ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ವೃದ್ಧನೊಬ್ಬ ಅಂಗಳದಲ್ಲಿ ಬಾಗಿ ನಿಂತು ಎರಡೂ ಕೈಗಳನ್ನು ಬೊಗಸೆ ಮಾಡುತ್ತಿದ್ದ. ನಮ್ಮ ಅಜ್ಜಿ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಬಾಯಾರಿದವನಿಗೆ ನೀರು ಕೊಟ್ಟ ಪುಣ್ಯ ಅಜ್ಜಿಯ ಲೆಕ್ಕದಲ್ಲಿ ಜಮೆಯಾಯಿತು. ಲೋಟ ಮುಟ್ಟಲಾಗದ ನೋವು ಯಾರ ಲೆಕ್ಕದಲ್ಲೂ ಜಮೆಯಾಗಲಿಲ್ಲ. ಅದಕ್ಕೆ ಹೋಲಿಸಿದರೆ ಹೋಟೆಲಿನ ಬಿಲ್ಲು ಎಷ್ಟೋ ಮೇಲು. ಅದು ಹಣ ಕೇಳುತ್ತದೆ, ಜಾತಿ ಕೇಳುವುದಿಲ್ಲ. ಆ ವೃದ್ಧನ ಮೊಮ್ಮಗನ ಬಳಿ ಇಂದು ಚಿನ್ನದ ಕಾರ್ಡಿದ್ದರೆ ಬಾಗಿಲಲ್ಲಿ ಅವನಿಗೂ ಹೆಸರು ಹಿಡಿದು ಸ್ವಾಗತ ಸಿಗುತ್ತದೆ. ಇದು ಸಣ್ಣ ಲಾಭವಲ್ಲ.

ಆದ್ದರಿಂದ ನನ್ನ ವಾದ ಹಳತು ಹೊಸತುಗಳ ನಡುವಿನದಲ್ಲ. ಬಂದವರನ್ನು ಅಳೆದು ನಡುಮನೆ, ಜಗಲಿ, ಅಂಗಳ ಎಂದು ಹಂಚುವ ಬುದ್ಧಿ ಮೊದಲು ಜಾತಿಯ ಹೆಸರಿನಲ್ಲಿತ್ತು, ಈಗ ಕಾರ್ಡಿನ ಬಣ್ಣದಲ್ಲಿದೆ. ಅಳೆಯಲು ಹೋಗದೆ ಕೇಳುವ ಮನಸ್ಸು ಕೋಡಿಯ ಮಠದ ಪಟ್ಟಿಯಲ್ಲಿತ್ತು. ಆನವಟ್ಟಿಯ ಹುಡುಗನಲ್ಲಿಯೂ ಇತ್ತು. ನನ್ನ ಹೋಟೆಲಿನಲ್ಲಿ ಸತ್ಕಾರ ಇರಲೇ ಇಲ್ಲವೆಂದು ನಾನು ಹೇಳಲಾರೆ. ಅದು ಮೆಟ್ಟಿಲುಗಳ ಮೇಲೆ ಇರಲಿಲ್ಲ, ಅಷ್ಟೆ. ಮಂಡಿನೋವಿನವಳಿಗೆ ಸ್ಟೂಲು ತಂದಿಟ್ಟ ಹುಡುಗಿಗೆ ಯಾವ ಕಾರ್ಡೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಅಳತೆಯ ಈ ಬುದ್ಧಿ ಹೋಟೆಲಿನೊಳಗೇ ಉಳಿದಿದ್ದರೆ ನನಗೆ ಆತಂಕವಿರುತ್ತಿರಲಿಲ್ಲ. ದೇವಸ್ಥಾನಗಳಲ್ಲಿ ವಿಶೇಷ ದರ್ಶನದ ಸಾಲು, ಆಸ್ಪತ್ರೆಗಳಲ್ಲಿ ವಿಶೇಷ ವಾರ್ಡು, ಮದುವೆ ಮನೆಗಳಲ್ಲಿ ಗಣ್ಯರಿಗೆ ಬೇರೆ ಪಂಕ್ತಿ ಈಗ ಯಾರಿಗೂ ಅಚ್ಚರಿಯಲ್ಲ. ಸವಲತ್ತು ಸಿಕ್ಕವನು ಸಿಗದವನನ್ನು ತಿರುಗಿ ನೋಡದಿರುವುದೂ ಅಚ್ಚರಿಯಲ್ಲ. ಹಾಗೆ ತಿರುಗಿ ನೋಡದಿರಲು ಕೆಟ್ಟವನಾಗಿರಬೇಕೆಂದಿಲ್ಲ, ಗಡಿಯಾರವನ್ನೊಮ್ಮೆ ನೋಡಿದರೆ ಸಾಕು ಎಂಬುದನ್ನು ಅಂದು ನಾನೇ ತೋರಿಸಿಕೊಟ್ಟೆ.

ನಿಷ್ಠೆ ಎಂಬ ಪದದ ಬಗ್ಗೆಯೂ ಒಂದು ಮಾತು. ಇಂಥ ಯೋಜನೆಗಳಿಗೆ ಇಂಗ್ಲಿಷಿನಲ್ಲಿ ನಿಷ್ಠೆಯ ಹೆಸರೇ ಇದೆ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನು ಮಳೆಗಾಲದಲ್ಲಿ ನೋಡಿದವರಿಗೆ ಗೊತ್ತು, ಕೆರೆಯ ನಡುವಿನ ಮರಗಳ ತುಂಬ ಬೆಳ್ಳಗಿನ ಕೆಂಬರಲು, ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ವರ್ಷ ವರ್ಷವೂ ಅವು ಬರುತ್ತವೆ. ಕೆರೆಯಲ್ಲಿ ನೀರಿದೆ, ಮರಗಳಿವೆ, ಮರಿಗಳಿಗೆ ಅಭಯವಿದೆ ಎಂಬುದಷ್ಟೇ ಕಾರಣ. ಶಿವಮೊಗ್ಗದಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದಾಗಲೆಲ್ಲ ನಾನು ಒಂದೇ ಸಣ್ಣ ಖಾನಾವಳಿಗೆ ಹೋಗುತ್ತಿದ್ದೆ. ನನಗೆ ಖಾರ ಆಗದೆಂಬುದು ಆ ಮನೆಯ ಯಜಮಾನಿತಿಗೆ ನೆನಪಿರುತ್ತಿತ್ತು. ಅದು ನಿಷ್ಠೆ. ಪಾಯಿಂಟಿಗಾಗಿ ಹೋಗುವುದನ್ನು ಬೇಕಾದರೆ ಉಳಿತಾಯ ಎನ್ನೋಣ; ನಿಷ್ಠೆ ಎನ್ನುವುದು ಬೇಡ.

ಉಪದೇಶ ಮಾಡುವುದು ಮೇಷ್ಟರ ಹಳೆಯ ರೋಗ, ಓದುಗರು ಕ್ಷಮಿಸಬೇಕು. ಮಕ್ಕಳ ದಯೆಯಿಂದ ಇಂಥ ಹೋಟೆಲುಗಳಿಗೆ ಹೋಗುವ ನನ್ನ ವಯಸ್ಸಿನವರಿಗೆ ಉಪಯೋಗವಾದೀತೆಂದು ಒಂದೆರಡು ಮಾತು ಹೇಳುತ್ತೇನೆ. ಪಾಯಿಂಟು ಸಿಗುತ್ತದೆಂಬ ಕಾರಣಕ್ಕೆ ಬೇಡದ ರಾತ್ರಿ ತಂಗಬೇಡಿ, ಬೇಡದ ಊಟ ಮಾಡಬೇಡಿ. ಹಣ ಕೊಟ್ಟು ತಂಗುವುದಾದರೆ, ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಿ. ದಿನಕ್ಕೆ ಏಳೂವರೆ ಸಾವಿರ ರೂಪಾಯಿಗಿಂತ ಹೆಚ್ಚಿನ ಕೋಣೆಗೆ ಜಿಎಸ್‌ಟಿ ಶೇಕಡ 18 ಇದೆ. ಅದಕ್ಕಿಂತ ಕಡಿಮೆಯ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 5. ಊಟದ ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ನಿಮ್ಮ ಅಭಿಪ್ರಾಯ ಬರೆಯಲು ಕೇಳಿದಾಗ, ಉಪಕಾರ ಮಾಡಿದ ನೌಕರರ ಹೆಸರನ್ನು ತಪ್ಪದೆ ಬರೆಯಿರಿ. ನಿಮಗೆ ಅದು ಒಂದು ಸಾಲು, ಅವರಿಗೆ ಅದೇ ಅಂಕಪಟ್ಟಿ. ನಾನು ಸ್ಟೂಲು ತಂದ ಹುಡುಗಿಯ ಹೆಸರನ್ನು ಬರೆದೆ. ಚಹಾ ತಂದ ಹುಡುಗನ ಹೆಸರನ್ನು ಬರೆಯಲಿಲ್ಲ. ನೌಕರರ ಚಹಾವನ್ನು ಹೊರಗಿನವರಿಗೆ ಕೊಟ್ಟದ್ದಕ್ಕೆ ಅವನನ್ನು ಯಾರಾದರೂ ಪ್ರಶ್ನಿಸಿಯಾರೆಂದು ಅಳುಕಿದೆ.

ಹೋಟೆಲಿನ ಒಡೆಯರಿಗೂ ಒಂದು ಬಿನ್ನಹ. ನಿಮ್ಮ ಮೆಟ್ಟಿಲುಗಳನ್ನು ತೆಗೆಯಿರಿ ಎಂದು ಕೇಳುವುದಿಲ್ಲ. ನಿಮ್ಮ ಅತಿಥಿಯನ್ನು ಕಾಣಲು ಬಂದ ವೃದ್ಧರಿಗೆ ಕೆಳಗಿನ ಅಂಗಳದಲ್ಲಿ ಒಂದು ಲೋಟ ನೀರು, ಒಂದು ಲೋಟ ಕಾಫಿ ಕೊಡುವ ಪದ್ಧತಿಯನ್ನು ನಿಯಮದಲ್ಲಿ ಸೇರಿಸಿ. ನಿಮ್ಮ ಲೆಕ್ಕದಲ್ಲಿ ಅದು ಯಾವ ಮೂಲೆಗೂ ಸಾಲದ ವೆಚ್ಚ. ತಮ್ಮ ಚಹಾವನ್ನು ಬಂದವರಿಗೆ ಕೊಡುವ ಹುಡುಗರು ನಿಮ್ಮಲ್ಲಿ ಕೆಲಸಕ್ಕಿದ್ದಾರೆ. ಅವರು ಅದನ್ನು ಕದ್ದುಮುಚ್ಚಿ ಮಾಡಬೇಕಾದ ಸ್ಥಿತಿ ಇರಬಾರದು.

ಊರಿಗೆ ಹೊರಡುವ ದಿನ ನಾನೂ ನನ್ನ ಹೆಂಡತಿಯೂ ಭಾವನ ಮನೆಗೆ ಹೋದೆವು. ಕ್ಷಮೆ ಕೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಭಾವ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಬಾಗಿಲಲ್ಲಿ ನಿಂತು, "ಬನ್ನಿ ಮೇಷ್ಟ್ರೇ, ಆಸರಿಗೆ ಏನು ಮಾಡ್ಲಿ?" ಎಂದು ಕೇಳಿ ಒಳಗೆ ಕರೆದರು. ಅವರು ಅದನ್ನು ತಮಾಷೆಗೆ ಕೇಳಿದರೋ ಅಥವಾ ಎಂದಿನಂತೆ ಕೇಳಿದರೋ ನನಗೆ ತಿಳಿಯಲಿಲ್ಲ. ಕಾಫಿ ಕುಡಿದು ಮುಗಿಸಿದ ಮೇಲೆ ಕ್ಷಮೆ ಕೇಳಿದೆ.

ಮಗಳ ಬಳಿ ಇನ್ನೂ ಪಾಯಿಂಟುಗಳಿವೆಯಂತೆ, ಮತ್ತೊಮ್ಮೆ ಬನ್ನಿ ಎನ್ನುತ್ತಿದ್ದಾಳೆ. ಹೋಗಬಾರದೆಂದೇನೂ ಇಲ್ಲ, ಹಾಸಿಗೆ ಬಹಳ ಮೆತ್ತಗಿತ್ತು. ಈ ಸಲ ಲೌಂಜಿನ ಬಾಗಿಲಲ್ಲಿ ಎಷ್ಟು ಜನರಿಗೆ ಪ್ರವೇಶವೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಸಾಲದಿದ್ದರೆ ದರ್ಶಿನಿ ಇದ್ದೇ ಇದೆ. ಇಂಥ ಅನುಭವ ನಿಮಗೂ ಆಗಿದ್ದರೆ ಬರೆದು ತಿಳಿಸಿ.